‘ನಿಮ್ಮ ತಪ್ಪಲ್ಲ’ ಎನ್ನುವುದನ್ನು ನಾನು ಬಿಟ್ಟದ್ದು

ದಾವಣಗೆರೆಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯಾಗಿರುವ ನನ್ನ ಬಳಿಗೆ ಮಾಜಿ ಸೈನಿಕರು ತಾವಾಗಿ ಬರುವುದು ಅಪರೂಪ. ನಿದ್ದೆಯಿಲ್ಲ, ಕ್ಯಾಂಟೀನಿನ ರಮ್ ಹೆಚ್ಚಾಗಿದೆ, ಮಕ್ಕಳ ಮೇಲೆ ರೇಗುತ್ತಾರೆ ಎಂಬ ದೂರಿನೊಂದಿಗೆ ಹೆಂಡತಿಯೇ ಕರೆತರುತ್ತಾರೆ. ಚಿತ್ರದುರ್ಗದ ಕಡೆಯ ಹಳ್ಳಿಯೊಂದರ ಈ ನಿವೃತ್ತ ಹವಾಲ್ದಾರರು ಬಂದದ್ದೂ ಹಾಗೆಯೇ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರ ಊರಿನ ಪಕ್ಕದಲ್ಲಿ ಕಲ್ಲು ಕ್ವಾರಿಯಿದೆ. ಅಲ್ಲಿ ಮದ್ದು ಸಿಡಿದರೆ ಅವರು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಹಿತ್ತಲಿಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದರು. “ರಾತ್ರಿ ಎಬ್ಬಿಸಬೇಕಾದರೆ ದೂರ ನಿಂತು ‘ರೀ, ರೀ’ ಅಂತ ಕೂಗ್ತೀನಿ ಮೇಡಂ, ಮೈ ಮುಟ್ಟೋಕೆ ಹೋಗಲ್ಲ” ಎಂದರು ಅವರ ಹೆಂಡತಿ. ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರಿಗೂ ಬರೆದುಕೊಟ್ಟೆ.

ಭೀಕರ ಅನುಭವ ಮುಗಿದ ಮೇಲೂ ಅದರ ಭಯ ಬಿಡದೆ ಕಾಡುವ ಆಘಾತೋತ್ತರ ಒತ್ತಡವೆಂಬ (ಪಿಟಿಎಸ್‌ಡಿ) ರೋಗನಿರ್ಣಯ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡನ್ನು ಕಂಡ ಮೇಲೆ. ಆದರೆ ಭಯವೊಂದನ್ನೇ ಹಿಡಿದು ಹೊರಟರೆ ಕೆಲವು ಸೈನಿಕರ ಸಂಕಟ ಕೈಗೆ ಸಿಗುವುದಿಲ್ಲ. ಮೇಲಧಿಕಾರಿಗಳ ದ್ರೋಹದಿಂದಾಗುವ ನೋವನ್ನು ಮನೋವೈದ್ಯ ಜೊನಾಥನ್ ಶೇ ನೈತಿಕ ಗಾಯವೆಂದು ಕರೆದಿದ್ದರು; ತಾನು ಮಾಡಿದ್ದು, ಮಾಡದೆ ಬಿಟ್ಟದ್ದು ತನ್ನದೇ ಧರ್ಮಕ್ಕೆ ವಿರುದ್ಧವಾಯಿತು ಎಂಬ ನೋವಿಗೂ 2009ರಲ್ಲಿ ಮನಶ್ಶಾಸ್ತ್ರಜ್ಞ ಬ್ರೆಟ್ ಲಿಟ್ಜ್ ಮತ್ತು ಸಂಗಡಿಗರು ಅದೇ ಹೆಸರು ಕೊಟ್ಟರು. ಹವಾಲ್ದಾರರದು ಆ ಗಾಯ. ಎತ್ತರದ ಠಾಣೆಯೊಂದರ ಬಳಿ ಇಬ್ಬರು ಗಾಯಗೊಂಡು ಬಿದ್ದಿದ್ದರು, ಇದ್ದದ್ದು ಒಂದೇ ಸ್ಟ್ರೆಚರ್. ಒಬ್ಬ ಚೀರುತ್ತಿದ್ದ, ಇನ್ನೊಬ್ಬ ಸುಮ್ಮನಿದ್ದ. ಇವರು ಚೀರುತ್ತಿದ್ದವನನ್ನು ಕೆಳಗೆ ಮುಟ್ಟಿಸಿ ಮರಳಿ ಹತ್ತುವಷ್ಟರಲ್ಲಿ ಸುಮ್ಮನಿದ್ದವನ ಪ್ರಾಣ ಹೋಗಿತ್ತು.

ಮೂರನೇ ಭೇಟಿಯಲ್ಲಿ ಅವರು ಇದನ್ನು ಹೇಳಿದಾಗ ನಾನು ತಡೆಯಲಾರದೆ, “ಅದು ನಿಮ್ಮ ತಪ್ಪಲ್ಲ” ಎಂದುಬಿಟ್ಟೆ. “ಎಲ್ಲರೂ ಹಾಗೇ ಅಂತಾರೆ ಮೇಡಂ” ಎಂದು ಎದ್ದವರು ನಾಲ್ಕು ತಿಂಗಳು ಇತ್ತ ಸುಳಿಯಲಿಲ್ಲ. ‘ಇನ್ನು ಮುಂದೆ ಹೇಳಬೇಡಿ’ ಎಂದೇ ನನ್ನ ಮಾತು ಅವರಿಗೆ ಕೇಳಿಸಿತ್ತು. ಸಮಾಧಾನ ಬೇಕಾಗಿದ್ದದ್ದು ಅವರಿಗಲ್ಲ, ಕೇಳಿಸಿಕೊಳ್ಳಲಾರದ ನನಗೆ. ಆ ನಾಲ್ಕು ತಿಂಗಳ ನೋವಿಗೆ ನಾನು ಹೊಣೆ.

ಅವರು ಮರಳಿ ಬಂದಾಗ ಮೊದಲು ಕುಡಿತ ತಗ್ಗಿಸುವ ಕೆಲಸ ನಡೆಯಿತು. ಮನೋವೈದ್ಯರು ಸರ್ಟ್ರಾಲಿನ್ ಎಂಬ ಖಿನ್ನತೆ ನಿವಾರಕ ಮಾತ್ರೆ ಆರಂಭಿಸಿದರು. ಅಂಗಡಿಯಿಂದ ತಂದು ನುಂಗುತ್ತಿದ್ದ ನಿದ್ದೆ ಮಾತ್ರೆ ಈ ತೊಂದರೆಯನ್ನು ವಾಸಿಮಾಡದು, ಮದ್ಯದೊಡನೆ ಸೇರಿದರೆ ಜೀವಕ್ಕೇ ಅಪಾಯವೆಂದು ತಿಳಿಸಿ ಅದನ್ನು ಹಂತ ಹಂತವಾಗಿ ಬಿಡಿಸಿದರು. ಆಮೇಲೆ, ತಪ್ಪಿಸಿಕೊಳ್ಳುತ್ತಿದ್ದ ನೆನಪನ್ನು ಎದುರಿಸಲು ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ವಿಧಾನಕ್ಕೆ ಬಂದೆವು: ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿದೆ ಎಂಬಂತೆ ಆ ದಿನವನ್ನು ಮೊದಲಿನಿಂದ ಕೊನೆಯವರೆಗೆ ಹೇಳುವುದು, ನಡುನಡುವೆ ಸಂಕಟಕ್ಕೆ ಸೊನ್ನೆಯಿಂದ ನೂರರೊಳಗೆ ಒಂದು ಅಂಕ ಕೊಡುವುದು, ಮೊಬೈಲಿನಲ್ಲಿ ದಾಖಲಿಸಿದ ತಮ್ಮದೇ ದನಿಯನ್ನು ಮನೆಯಲ್ಲಿ ದಿನವೂ ಕೇಳುವುದು. ಒಂದು ಭೇಟಿಗೆ 90 ನಿಮಿಷ. ಅವರು ಹೊಲದ ಪಂಪ್‌ಸೆಟ್ ಮನೆಯಲ್ಲಿ ಕೂತು ಕೇಳುತ್ತಿದ್ದರು. ಇದರ ಜೊತೆಗೆ, ಜನ ತುಂಬಿದ ಬೆಣ್ಣೆ ದೋಸೆ ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ಮುಕ್ಕಾಲು ಗಂಟೆ ಕೂರುವ ಅಭ್ಯಾಸವೂ ಇತ್ತು. ಮೊದಲ ದಿನ ದೋಸೆ ಮುಟ್ಟಲಿಲ್ಲ.

ಕಷ್ಟದ ಜಾಗ ಬಂದಾಗಲೆಲ್ಲ ಅವರ ಮಾತು ಹಿಂದಿಗೆ ಜಾರುತ್ತಿತ್ತು. ಆಜ್ಞೆಗಳನ್ನೆಲ್ಲ ಕೇಳಿದ್ದು ಹಿಂದಿಯಲ್ಲಿ, ಆದ್ದರಿಂದ ನಾನು ತಡೆಯಲಿಲ್ಲ. ಆದರೆ ಸ್ಟ್ರೆಚರ್ ಎತ್ತಿದ್ದರಿಂದ ಕೆಳಗಿನ ಠಾಣೆಗೆ ಮಾತು ಪ್ರತಿಸಲವೂ ಒಂದೇ ನೆಗೆತಕ್ಕೆ ಹೋಗುತ್ತಿತ್ತು. ಐದನೆಯ ಸಲ ಅಲ್ಲಿ ನಿಲ್ಲಿಸಿ, “ಎತ್ತುವಾಗ ಏನು ಕಾಣುತ್ತಿದೆ?” ಎಂದು ಕೇಳಿದೆ. ಸುಮ್ಮನಿದ್ದವನು ಕಣ್ಣು ಬಿಟ್ಟು ನೋಡುತ್ತಿದ್ದ. ಅವನೂ ಕನ್ನಡದವನೇ, ವಿಜಯಪುರದ ಕಡೆಯವನು. ಹಿಂದಿಯ ನಡುವೆ ಎರಡೇ ಪದ ಕನ್ನಡದಲ್ಲಿ ಬಂದವು: “ಈಗ ಬಂದೆ.” ಅವನಿಗೆ ಇವರು ಹೇಳಿ ಹೊರಟಿದ್ದ ಮಾತು ಅದು. ನೂರಕ್ಕೆ ನೂರು ಎಂದರು. ನಾನು ಏನೂ ಹೇಳದೆ ಕೂತಿದ್ದೆ.

ಮನಶ್ಶಾಸ್ತ್ರಜ್ಞರಾದ ಪೆಟ್ರೀಷಿಯಾ ರೆಸಿಕ್, ಎಡ್ವರ್ಡ್ ಕುಬಾನಿ ಮೊದಲಾದವರು ತೋರಿಸಿಕೊಟ್ಟ ದಾರಿಯಲ್ಲಿ, ಆಮೇಲೆ ತಿಳಿದದ್ದನ್ನು ಆಗಲೇ ತಿಳಿದಿತ್ತೆಂದು ಮನಸ್ಸು ನಂಬುವುದನ್ನು ಬಿಡಿಸಿ ನೋಡಬೇಕಾಗುತ್ತದೆ. “ಸದ್ದಿಲ್ಲದವನ ಸ್ಥಿತಿಯೇ ಹೆಚ್ಚು ಗಂಭೀರವಿರಬಹುದು ಎಂಬುದು ನಿಮಗೆ ಯಾವಾಗ ತಿಳಿಯಿತು?” ಎಂದು ಕೇಳಿದೆ. ಎರಡು ವರ್ಷದ ನಂತರ, ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ. ಒಂದು ಹಾಳೆಯ ನಡುವೆ ಗೆರೆ ಎಳೆದು, ಆ ಹೊತ್ತಿಗೆ ಗೊತ್ತಿದ್ದದ್ದನ್ನು ಎಡಕ್ಕೂ, ಆಮೇಲೆ ಗೊತ್ತಾದದ್ದನ್ನು ಬಲಕ್ಕೂ ಅವರ ಕೈಯಲ್ಲೇ ಬರೆಸಿದೆ. ಬಹಳ ಹೊತ್ತು ನೋಡಿ, ಬಲಭಾಗದ ಸಾಲಿನ ಮೇಲೆ ಬೆರಳಿಟ್ಟು, “ಇದು ಆಮೇಲಿಂದು” ಎಂದರು.

ಉಳಿದದ್ದು ಇನ್ನೊಂದು. ಸತ್ತವನ ತಾಯಿ ಬರೆಸಿ ಕಳಿಸಿದ್ದ ಎರಡು ಪತ್ರಗಳಿಗೆ ಅವರು ಉತ್ತರಿಸಿರಲಿಲ್ಲ. ಆ ಅಪರಾಧಿ ಭಾವವನ್ನು ನಾನು ಅಲ್ಲಗಳೆಯಲಿಲ್ಲ, ಏಕೆಂದರೆ ಅದು ನಿಜವಾದದ್ದು. ಅದಕ್ಕೆ ಬೇಕಾದದ್ದು ಆ ತಪ್ಪನ್ನು ಸರಿಪಡಿಸಿಕೊಳ್ಳುವುದು. ತಾವು ಗೌರವಿಸುವ ಹಿರಿಯ ಸುಬೇದಾರರು ಎದುರಿನ ಕುರ್ಚಿಯಲ್ಲಿದ್ದಾರೆ ಎಂದುಕೊಂಡು ಎಲ್ಲವನ್ನೂ ಹೇಳಿ, ಅವರು ಕೊಡಬಹುದಾದ ಉತ್ತರವನ್ನೂ ತಾವೇ ನುಡಿದರು. ಹೋಗಿ ಬಾ ಎಂದಿತು ಆ ಉತ್ತರ.

ಹೋದರು. ತಾಯಿಗೆ ಈಗ ಕಿವಿ ಮಂದ. ಹೆಂಡತಿಗೂ ಪಿಸುಮಾತಿನಲ್ಲಿ ಹೇಳದಿದ್ದ ಸಂಗತಿಯನ್ನು ಕಟ್ಟೆಯ ಮೇಲೆ ಕೂತು, ಓಣಿಗೆಲ್ಲ ಕೇಳುವಂತೆ ಎರಡು ಸಲ ಗಟ್ಟಿಯಾಗಿ ಹೇಳಬೇಕಾಯಿತಂತೆ. ಮಗ ಕೊನೆಗೆ ಕೇಳಿದ ಮಾತು ಕನ್ನಡದ್ದೇ ಏನಪ್ಪ ಎಂದು ಆಕೆ ಕೇಳಿದರಂತೆ, ಹೌದವ್ವ ಎಂದರಂತೆ.