ತೋಟಕ್ಕೆ ಹಳೇ ಜೀಪ್ ತಗೊಳ್ಳುವ ಮುಂಚೆ ಅದರ ಕೆಳಗೆ ಮಲಗಿ ನೋಡಿ

ಅಮೆರಿಕದ ಹೊಲ, ರ‍್ಯಾಂಚ್‌ಗಳಲ್ಲಿ ಪೊಲಾರಿಸ್ ರೇಂಜರ್ ತರದ ಪುಟ್ಟ ಗಾಡಿಗಳು ಮಾಡುವ ಕೆಲಸವನ್ನು ನಮ್ಮ ಮಲೆನಾಡಿನಲ್ಲಿ ಇವತ್ತಿಗೂ ಹಳೇ ಜೀಪೇ ಮಾಡುತ್ತಿದೆ. ಗೊಬ್ಬರದ ಮೂಟೆ, ಕಾಫಿ ಹಣ್ಣು, ಪಂಪ್‌ಸೆಟ್, ಮೆಣಸು ಕುಯ್ಯುವ ಏಣಿ, ಕೆಲಸದವರು, ನಡುರಾತ್ರಿ ಆಸ್ಪತ್ರೆಗೆ ಹೋಗಬೇಕಾದವರು, ಎಲ್ಲದಕ್ಕೂ ಅದೇ ಗಾಡಿ. ಹೊಸ ಥಾರ್ ಒಳ್ಳೆಯ ಗಾಡಿಯೇ, ಆದರೆ ಅಷ್ಟು ದುಡ್ಡು ಕೊಟ್ಟ ಗಾಡಿಯಲ್ಲಿ ಸಗಣಿ ಗೊಬ್ಬರ ತುಂಬಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕುತ್ತೇವೆ.

ನನ್ನ ಮೊದಲ ಜೀಪ್ ತಗೊಂಡಾಗ ನಾನು ನೋಡಿದ್ದು ಹೊಸ ಪೇಂಟ್, ಹೊಸ ಟಾಪ್, ದಪ್ಪ ಟೈರ್, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಎಂಜಿನ್. ಅಷ್ಟಕ್ಕೇ ಅಡ್ವಾನ್ಸ್ ಕೊಟ್ಟೆ. ಜೂನ್‌ನಲ್ಲಿ ಮಳೆ ಹಿಡಿದು ಹತ್ತು ದಿನ ಆಗಿತ್ತು, ಗೊಬ್ಬರ ಹೇರಿಕೊಂಡು ಏರು ಹತ್ತುವಾಗ ಕೆಳಗಿಂದ ಠಣ್ ಅಂತ ಸದ್ದು ಬಂತು, ಸ್ಟೇರಿಂಗ್ ಒಂದು ಕಡೆ ಎಳೆಯಿತು. ಇಳಿದು ನೋಡಿದರೆ ಮುಂದಿನ ಸ್ಪ್ರಿಂಗ್ ಕೂರುವ ಜಾಗದಲ್ಲಿ ಚಾಸಿಯೇ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟೇ, ಸೀಳಿತ್ತು. ಹಳೇ ಬಿರುಕಿಗೆ ವೆಲ್ಡಿಂಗ್ ಮಾಡಿ ಮೇಲೆ ಕಪ್ಪು ಪೇಂಟ್ ಬಳಿದಿದ್ದರು. ಗಾಡಿಯಲ್ಲಿ ಹಿಂದೆ ಇಬ್ಬರು ಕೂತಿದ್ದರು, ಪಕ್ಕದಲ್ಲೇ ಇಳಿಜಾರು. ಆ ದಿನ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಅವತ್ತಿಂದ ನನ್ನದು ಒಂದೇ ಲೆಕ್ಕ. ಎಂಜಿನ್ ಹಾಳಾಗಿದ್ದರೆ ಕಟ್ಟಿಸಬಹುದು, ಗೇರ್‌ಬಾಕ್ಸ್ ಬದಲಾಯಿಸಬಹುದು. ಕೊಳೆತ ಚಾಸಿ ಮತ್ತು ಸರಿಯಿಲ್ಲದ ಆರ್‌ಸಿ, ಇವೆರಡನ್ನು ಮಾತ್ರ ಯಾವ ಗ್ಯಾರೇಜಿನವರೂ ರಿಪೇರಿ ಮಾಡಿಕೊಡುವುದಿಲ್ಲ. ಹಾಗಾಗಿ ಅವೆರಡನ್ನು ಮೊದಲು ನೋಡಿ, ಸೌಂಡ್ ಆಮೇಲೆ ಕೇಳಿ.

ಯಾವ ಗಾಡಿ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಮಹೀಂದ್ರ ಎಂಎಂ 540ರಲ್ಲಿ ಬರುವುದು ಪ್ಯೂಜೊ ಎಂಜಿನ್, 2112 ಸಿಸಿ. ಸದ್ದು ಕಡಿಮೆ, ಓಟ ನಯ, ಆದರೆ ಚಳಿಯ ಬೆಳಿಗ್ಗೆ ಎಂಜಿನ್ ಒಳಗಿನ ಹೀಟರ್ (ಗ್ಲೋ ಪ್ಲಗ್) ಕೆಲಸ ಮಾಡದಿದ್ದರೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಮಹೀಂದ್ರದ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನ್ ಗಡಗಡ ಅನ್ನುತ್ತದೆ, ಆದರೆ ನಿಧಾನಕ್ಕೆ ಭಾರ ಎಳೆಯುವುದರಲ್ಲಿ ಗಟ್ಟಿ. 2010ರಲ್ಲಿ ಬಂದ ಹಳೇ ಥಾರ್‌ನಲ್ಲಿ 2523 ಸಿಸಿಯ ಡಿಐ ಕೂಡ ಇತ್ತು, 2498 ಸಿಸಿಯ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ಕೂಡ ಇತ್ತು. ಇಲ್ಲಿ ಒಂದು ಹುಷಾರು: ಡಿಐ ಥಾರ್ ಬರೀ ಟೂ ವೀಲ್ ಡ್ರೈವ್‌ನಲ್ಲೂ ಬಂದಿತ್ತು, ಥಾರ್ ಅಂದ ಮಾತ್ರಕ್ಕೆ ಫೋರ್ ವೀಲ್ ಅಂದುಕೊಳ್ಳಬೇಡಿ. ಮಾರುತಿ ಜಿಪ್ಸಿ ಹಗುರ, ಕೆಸರಲ್ಲಿ ಮೇಕೆ ತರ ಹತ್ತುತ್ತದೆ, ಆದರೆ ಪೆಟ್ರೋಲ್ ಗಾಡಿ, ದಿನಾ ಮೂಟೆ ಹೊರಲು ನಾನಂತೂ ತಗೊಳ್ಳುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯ, ನಿಮ್ಮ ಊರಿನ ಮೆಕ್ಯಾನಿಕ್ ಯಾವ ಎಂಜಿನ್ ಬಿಚ್ಚಿ ಪಳಗಿದ್ದಾರೆ ಅನ್ನುವುದು. ಅವರನ್ನು ಕೇಳಿಯೇ ಹುಡುಕಲು ಶುರು ಮಾಡಿ, ನೋಡಲು ಹೋಗುವಾಗ ಅವರನ್ನೂ ಕರಕೊಂಡು ಹೋಗಿ, ಅವರ ಒಂದು ದಿನದ ಕೂಲಿ ಕೊಡಿ.

ಈಗ ಕೆಳಗೆ ಮಲಗುವ ವಿಷಯ. ಒಂದು ಗೋಣಿಚೀಲ, ಟಾರ್ಚ್, ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ ತಗೊಂಡು ಹೋಗಿ. ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ಸ್ಪ್ರಿಂಗ್ ಪ್ಲೇಟ್ ಕೂರುವ ನಾಲ್ಕೂ ಕಡೆ, ಸ್ಟೇರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಜಾಗ, ಹಿಂದೆ ಟ್ರೇಲರ್ ಹುಕ್ ಇರುವ ಅಡ್ಡಪಟ್ಟಿ, ಈ ಜಾಗಗಳಲ್ಲಿ ವೆಲ್ಡಿಂಗ್ ಗುರುತು ಇದೆಯಾ ಅಂತ ಬೆರಳಾಡಿಸಿ ನೋಡಿ. ಹಳೇ ಗಾಡಿಯಲ್ಲಿ ವೆಲ್ಡಿಂಗ್ ಇರುವುದೇ ತಪ್ಪಲ್ಲ. ಒಳ್ಳೆಯ ಪ್ಲೇಟ್ ಇಟ್ಟು ನೀಟಾಗಿ ಹಾಕಿದ್ದರೆ, ಮಾರುವವರು ತಾವಾಗಿಯೇ ಹೇಳಿದರೆ, ಅದು ಬೇರೆ ಮಾತು. ಮಿಕ್ಕ ಗಾಡಿಯೆಲ್ಲ ಕೆಸರಾಗಿದ್ದು ಚಾಸಿಗೆ ಮಾತ್ರ ಮೊನ್ನೆ ಪೇಂಟ್ ಹೊಡೆದಿದ್ದರೆ ಎದ್ದು ಬನ್ನಿ.

ತೋಟದ ಗಾಡಿಗೆ ಮಳೆಗಿಂತ ದೊಡ್ಡ ಶತ್ರು ಗೊಬ್ಬರ. ಪೊಟ್ಯಾಷ್, ಯೂರಿಯಾ ಚೆಲ್ಲಿದ್ದು ನೆಲದ ಶೀಟಿನ ಸಂದಿಯಲ್ಲಿ ಕೂತು, ಮಳೆನೀರು ಸೇರಿದರೆ ತಗಡು ತಿಂದುಹಾಕುತ್ತದೆ. ಮ್ಯಾಟ್ ಎತ್ತಿ ನೋಡಿ, ಬ್ಯಾಟರಿ ತಟ್ಟೆಯ ಕೆಳಗೆ ನೋಡಿ, ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಒತ್ತಿ. ಬಾಡಿಯ ತಗಡಿಗೆ ಟಿಂಕರಿಂಗ್ ಮಾಡಿಸಬಹುದು, ಅದಕ್ಕೆ ಹೆದರಬೇಡಿ, ಬೆಲೆ ಮಾತಾಡುವಾಗ ಮಾತ್ರ ಮರೆಯಬೇಡಿ.

ಕೆಳಗೆ ಇರುವಾಗಲೇ ಮುಂದಿನ ಹೌಸಿಂಗಿಗೆ (ಎರಡು ಚಕ್ರಗಳ ನಡುವಿನ ಗೇರ್ ಇರುವ ಭಾಗ) ಹೋಗುವ ಜಾಯಿಂಟ್ ಶಾಫ್ಟ್ ಇದೆಯಾ ನೋಡಿ. ತುಂಬಾ ಜನ ಡೀಸೆಲ್ ಉಳಿಯುತ್ತದೆ ಅಂತಲೋ, ಅದರ ಕ್ರಾಸ್ (ಶಾಫ್ಟಿನ ತುದಿಯ ಜಾಯಿಂಟ್) ಹೋಗಿತ್ತು ಅಂತಲೋ ಅದನ್ನು ಬಿಚ್ಚಿಟ್ಟಿರುತ್ತಾರೆ. ಒಳಗೆ ಫೋರ್ ವೀಲ್ ಲಿವರ್ ಇರುತ್ತದೆ, ಬೀಳುತ್ತದೆ ಕೂಡ, ಆದರೆ ಮುಂದಿನ ಚಕ್ರಕ್ಕೆ ಏನೂ ಹೋಗುವುದಿಲ್ಲ. ಶಾಫ್ಟ್ ಇದ್ದರೆ ಗಾಡಿಯನ್ನು ಕೆಸರಿಗೋ ಸಡಿಲ ಮಣ್ಣಿನ ಏರಿಗೋ ಇಳಿಸಿ, ಮುಂದಿನ ಚಕ್ರಗಳನ್ನು ಶಾಫ್ಟಿಗೆ ಸೇರಿಸುವ ಹಬ್ ಲಾಕ್ ಇದ್ದರೆ ಹಾಕಿ, ಫೋರ್ ವೀಲ್ ಲೋ ಹಾಕಿ ನಿಧಾನಕ್ಕೆ ಹತ್ತಿಸಿ. ಒಬ್ಬರು ದೂರದಲ್ಲಿ ಪಕ್ಕಕ್ಕೆ ನಿಂತು ಮುಂದಿನ ಚಕ್ರ ಮಣ್ಣು ಕೆದಕುತ್ತದಾ ನೋಡಲಿ. ಏರಿನ ಮಧ್ಯೆ ಲಿವರ್ ತಾನಾಗಿ ಜಾರಿ ಹೊರಗೆ ಬರಬಾರದು. ಈ ಪರೀಕ್ಷೆಯನ್ನು ಒಣ ಡಾಂಬರಿನಲ್ಲಿ ಮಾಡಬೇಡಿ, ತಿರುವಿನಲ್ಲಿ ಹಿಂದಿನ, ಮುಂದಿನ ಚಕ್ರಗಳು ಒಂದಕ್ಕೊಂದು ಎಳೆದಾಡಿ ಗೇರ್‌ಗೆ ಪೆಟ್ಟು ಬೀಳುತ್ತದೆ. ಸಾಧ್ಯವಾದರೆ ಮಳೆಗಾಲದಲ್ಲೇ ಗಾಡಿ ನೋಡಿ. ಬೇಸಿಗೆಯಲ್ಲಿ ಎಲ್ಲ ಜೀಪೂ ಹತ್ತುತ್ತದೆ, ಅಲ್ವಾ?

ಎಂಜಿನ್ ನೋಡಲು ಬೆಳಿಗ್ಗೆ ಹೋಗಿ. ಬರುತ್ತೇನೆ ಅಂತ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋದರೆ ಇನ್ನೂ ಒಳ್ಳೆಯದು. ಮೊದಲು ರೇಡಿಯೇಟರ್ ಮೇಲೆ ಕೈ ಇಡಿ, ಬಿಸಿ ಇದ್ದರೆ ಆಗಲೇ ಒಂದು ಸಲ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ. ತಣ್ಣಗಿದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲುತ್ತಿದೆಯಾ, ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದೆಯಾ ನೋಡಿ. ಸ್ಟಾರ್ಟ್ ಆದ ಕೂಡಲೇ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಪರವಾಗಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಜಾಸ್ತಿ ಇದ್ದರೆ ಪಂಪ್, ನಾಜಲ್ ಕೆಲಸ ಇರಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಬುಸಬುಸ ಅಂತ ಹೊಗೆ ನುಗ್ಗಿದರೆ ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ಪಿಸ್ಟನ್ ಸವೆದು ಗ್ಯಾಸ್ ಕೆಳಗೆ ಸೋರುತ್ತಿದೆ, ಬೋರಿಂಗ್ ಖರ್ಚು ಹತ್ತಿರದಲ್ಲಿದೆ. ಹಾಗಂತ ಗಾಡಿ ಬಿಡಲೇಬೇಕು ಅಂತಿಲ್ಲ. ಚಾಸಿ, ಕಾಗದ ಎರಡೂ ಚೊಕ್ಕವಾಗಿದ್ದರೆ ಸುಸ್ತಾದ ಎಂಜಿನ್ ಇರುವ ಗಾಡಿಯನ್ನು ಕಡಿಮೆಗೆ ತಗೊಂಡು ಕಟ್ಟಿಸುವುದೇ ಎಷ್ಟೋ ಸಲ ಲಾಭ.

ಆಮೇಲೆ ಓಡಿಸಿ, ಕನಿಷ್ಠ ಒಂದು ಗಂಟೆ, ಒಂದು ದೊಡ್ಡ ಏರು, ಒಂದು ಇಳಿಜಾರು ಇರಲಿ. ಟಾರ್ ರೋಡಿನಲ್ಲಿ ಗಂಟೆಗೆ 40, 50 ಕಿಲೋಮೀಟರ್ ವೇಗದಲ್ಲಿ ಒಂದು ಗುಂಡಿ ಹಾರಿದ ಮೇಲೆ ಸ್ಟೇರಿಂಗ್ ತಡಬಡ ನಡುಗಿದರೆ ಮುಂದಿನ ಚಕ್ರ ತಿರುಗಿಸುವ ಕಿಂಗ್ ಪಿನ್, ಟೈ ರಾಡ್ ತುದಿಗಳು ಸವೆದಿರಬಹುದು. ಬ್ರೇಕ್ ಒಂದೇ ಒತ್ತಿಗೆ ಹಿಡಿಯಬೇಕು. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಹಿಡಿಯುವುದಾದರೆ, ಅದನ್ನು ಸರಿ ಮಾಡಿಸದೆ ಘಾಟಿ ಇಳಿಸಬೇಡಿ.

ಇನ್ನು ಕಾಗದ. ಮಲೆನಾಡಿನಲ್ಲಿ ಕಾಗದವೇ ಇಲ್ಲದ ಜೀಪ್‌ಗಳು ಅರ್ಧ ಬೆಲೆಗೆ ಸಿಗುತ್ತವೆ, ಬರೀ ತೋಟದೊಳಗೆ ಓಡಿಸಲು ಯಾಕೆ ಬೇಕು ಅಂತಾರೆ. ದಯವಿಟ್ಟು ಬೇಡ. ತೋಟದಿಂದ ತೋಟಕ್ಕೆ ಹೋಗಲು ರಸ್ತೆ ದಾಟಲೇಬೇಕು, ಆ ನೂರು ಮೀಟರ್‌ನಲ್ಲಿ ಯಾರಿಗಾದರೂ ಏನಾದರೂ ಆದರೆ ಇನ್ಶೂರೆನ್ಸ್ ಇಲ್ಲ, ನಿಮ್ಮ ತೋಟ ಮಾರಿ ಪರಿಹಾರ ಕೊಡಬೇಕಾಗುತ್ತದೆ.

ಆರ್‌ಸಿಯಲ್ಲಿರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲೆ ಹುಡುಕಿ ಓದಿ, ತುಕ್ಕು ಇದ್ದರೆ ಸ್ಯಾಂಡ್‌ಪೇಪರ್ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್‌ನಲ್ಲಿ ಅಚ್ಚು ತೆಗೆಯಿರಿ. ಅಕ್ಷರಗಳು ಓರೆಕೋರೆ ಇದ್ದರೆ, ಸುತ್ತ ಗ್ರೈಂಡ್ ಮಾಡಿದ ಗುರುತಿದ್ದರೆ ಅಡ್ವಾನ್ಸ್ ಕೊಡಬೇಡಿ. ಎಷ್ಟೋ ಜೀಪ್‌ಗಳಲ್ಲಿ ಎಂಜಿನ್ ಬದಲಾಗಿರುತ್ತದೆ, ಆರ್‌ಸಿಯಲ್ಲಿ ಹಳೆಯದೇ ನಂಬರ್ ಇರುತ್ತದೆ. ಆರ್‌ಟಿಒ ಅನುಮತಿ ಇಲ್ಲದೆ ಹೀಗೆ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಹರಿಯಾಣದ ಡಬ್‌ವಾಲಿ ಕಡೆ ಕಟ್ಟಿದ ಜೀಪ್‌ಗಳು ಫೋಟೋದಲ್ಲಿ ಎಷ್ಟು ಚಂದ ಕಂಡರೂ ಇದನ್ನು ಮೊದಲು ಕೇಳಿ.

ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ, ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ರಿನ್ಯೂವಲ್. ಅವಧಿ ಮುಗಿದಿದ್ದರೆ ಮಾರುವವರೇ ಮಾಡಿಸಿ ಕೊಡಲಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಆರ್‌ಸಿ, ಇನ್ಶೂರೆನ್ಸ್ ಅವಧಿ ಕಾಣುತ್ತದೆ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್ಒಸಿ ಮತ್ತು ಫಾರಂ 35 ಬೇಕು. ಕೇರಳದ್ದೋ ದೆಹಲಿಯದ್ದೋ ಗಾಡಿಯಾದರೆ ಫಾರಂ 28ರ ಎನ್ಒಸಿ ಬೇಕು, ಇಲ್ಲಿನ ಟ್ಯಾಕ್ಸ್ ಬೇರೆ ಕಟ್ಟಬೇಕು, ಅದನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಮಾರಿದವರು 14 ದಿನದೊಳಗೆ, ತಗೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಗಾಡಿ ಕೈಗೆ ಬಂದ ದಿನ ಮತ್ತು ಗಂಟೆ ಬರೆದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಹಾಕಿ.

ಮನೆಗೆ ತಂದ ವಾರವೇ ಎಲ್ಲ ಹಳೇ ಆಯಿಲ್ ಇಳಿಸಿ ಹೊಸದು ಹಾಕಿ: ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಫೋರ್ ವೀಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ), ಹಿಂದಿನ ಮುಂದಿನ ಎರಡೂ ಹೌಸಿಂಗ್. ಹಳ್ಳ ದಾಟಿದ ಗಾಡಿಗಳ ಹೌಸಿಂಗ್‌ನಲ್ಲಿ ನೀರು ಸೇರಿರುತ್ತದೆ, ನನ್ನ ಈಗಿನ ಜೀಪಿನ ಮುಂದಿನ ಹೌಸಿಂಗ್ ಬಿಚ್ಚಿದಾಗ ಆಯಿಲ್‌ಗಿಂತ ಮೊದಲು ಬಂದದ್ದು ಒಂದು ಲೋಟ ಕೆಸರು ನೀರು.