ಹೆರಿಗೆಯ ನಂತರ ಮೂತ್ರ ಹನಿಯುತ್ತದೆಯೇ? ಈ ವ್ಯಾಯಾಮವನ್ನು ಸರಿಯಾಗಿ ಮಾಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ಮೀಯಿಸುವುದಕ್ಕೆ, ಲೇಹ್ಯ ತಿನ್ನಿಸುವುದಕ್ಕೆ ಏನೂ ಕಡಿಮೆ ಮಾಡುವುದಿಲ್ಲ. ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಜೋಲಿಯಂತೆ ಹೊತ್ತಿರುವ ಪೆಲ್ವಿಕ್ ಫ್ಲೋರ್ ಸ್ನಾಯುಗಳನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಮಗು ಹೊರಬರುವಾಗ ಇವುಗಳ ಕೆಲವು ಭಾಗ ಮೂರು ಪಟ್ಟು ಹಿಗ್ಗುತ್ತದೆ. ಸಿಸೇರಿಯನ್ ಆದವರಲ್ಲೂ ಬಸುರಿನ ಭಾರದಿಂದ ಇವು ಸೋತಿರುತ್ತವೆ. ಸೀನಿದಾಗ ಮೂತ್ರ ಹನಿದರೆ ‘ಹೆತ್ತವರಿಗೆಲ್ಲ ಇದ್ದದ್ದೇ’ ಎಂದು ಸುಮ್ಮನಿರಬೇಡಿ. ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲೇ ಇದಕ್ಕೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ.

1. ನೋವು ತಗ್ಗಿ, ಮೂತ್ರ ಸರಾಗವಾದ ಮೇಲೆ ಶುರುಮಾಡಿ. ಆಳದ ಹೊಲಿಗೆ ಬಿದ್ದಿದ್ದರೆ ಮೊದಲು ವೈದ್ಯರನ್ನು ಕೇಳಿ.

2. ಮೊಣಕಾಲು ಮಡಚಿ ಅಂಗಾತ ಮಲಗಿ.

3. ಸ್ನಾಯುವನ್ನು ಗುರುತಿಸಿ. ಹೆಚ್ಚಿನವರು ತಪ್ಪುವುದು ಇಲ್ಲೇ. ನಾಲ್ಕು ಜನರ ನಡುವೆ ಗಾಳಿ ಬಿಡದಂತೆ ತಡೆಯುತ್ತೀರಲ್ಲ, ಹಾಗೆ ಗುದದ್ವಾರವನ್ನು ಒಳಕ್ಕೆ ಎಳೆಯಿರಿ. ಅದೇ ಬಿಗಿಯನ್ನು ಮುಂದಕ್ಕೆ, ಮೂತ್ರ ತಡೆಯುವ ಜಾಗದವರೆಗೂ ತನ್ನಿ. ಒಳಗೇನೋ ಮೇಲಕ್ಕೆ ಎದ್ದಂತೆ ಅನ್ನಿಸಬೇಕು. ಅನೇಕರು ಎಳೆಯುವ ಬದಲು ಮಲಬದ್ಧತೆಯಾದಾಗಿನಂತೆ ಕೆಳಕ್ಕೆ ತಿಣುಕುತ್ತಾರೆ. ಅದರಿಂದ ಇರುವ ಬಲವೂ ಹೋಗುತ್ತದೆ. ಸಂಶಯವಿದ್ದರೆ ಕೈಗನ್ನಡಿ ಹಿಡಿದು ನೋಡಿ: ಯೋನಿಗೂ ಗುದಕ್ಕೂ ನಡುವಿನ ಜಾಗ ಒಳಕ್ಕೆ ಹೋದರೆ ಸರಿ, ಹೊರಕ್ಕೆ ಉಬ್ಬಿದರೆ ತಪ್ಪು. ತೊಡೆ, ಪೃಷ್ಠ ಬಿಗಿಯಾಗಬಾರದು. ಎಣಿಕೆಯನ್ನು ಗಟ್ಟಿಯಾಗಿ ಹೇಳಿ, ಆಗ ಉಸಿರು ಕಟ್ಟುವುದಿಲ್ಲ. ಮೂತ್ರ ಮಾಡುವಾಗಲೇ ಅರ್ಧಕ್ಕೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡವೇ ಬೇಡ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕಾದೀತು.

4. ಮೂರರಿಂದ ಐದು ಸೆಕೆಂಡು ಹಿಡಿಯಿರಿ, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಎಂಟು-ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬರಬರುತ್ತ ಹತ್ತು ಸೆಕೆಂಡಿಗೆ ಏರಿಸಿ. ರೂಢಿಯಾದ ಮೇಲೆ ಮಗುವಿಗೆ ಹಾಲೂಡಿಸುವಾಗ ಮಾಡಿ. ಬೇರೆ ಸಮಯ ಹುಡುಕಲು ಹೋದವರು ವಾರದಲ್ಲೇ ಬಿಡುತ್ತಾರೆ. ಮೂರು ತಿಂಗಳಾದರೂ ಬಿಡದೆ ಮಾಡಬೇಕು.

5. ಕೆಮ್ಮುವ, ಸೀನುವ, ಮಗುವನ್ನು ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯಿರಿ.

ಹೊಟ್ಟೆಗೆ ಕಟ್ಟುವ ಬಟ್ಟೆ, ಬೆಲ್ಟುಗಳಿಂದ ಈ ಸ್ನಾಯುಗಳಿಗೆ ಬಲ ಬರುವುದಿಲ್ಲ. ತೀರಾ ಬಿಗಿದರೆ ಒತ್ತಡವೆಲ್ಲ ಕೆಳಕ್ಕೇ. ‘ಯೋನಿ ಬಿಗಿಗೊಳಿಸುವ’ ಕ್ರೀಮಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಾಣಂತನ ಮುಗಿಯಿತೆಂದು ಒಮ್ಮೆಲೇ ಸೊಪ್ಪಿನ ಹೊರೆ, ಅಡಿಕೆ ಗೋಣಿ ಎತ್ತಬೇಡಿ. ಮಲಬದ್ಧತೆಯಾಗದಂತೆ ಬಸಳೆ, ಹರಿವೆ ತಿನ್ನಿ, ನೀರು ಕುಡಿಯಿರಿ. ‘ಬಾಣಂತಿಗೆ ನೀರು ಕೊಡಬಾರದು’ ಎಂಬ ಮಾತನ್ನು ಕೇಳಲೇಬೇಡಿ.

ಮೂರು ತಿಂಗಳ ನಂತರವೂ ಮೂತ್ರ ಸೋರಿದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಫಿಸಿಯೊಥೆರಪಿ ಬಗ್ಗೆ ನೀವಾಗಿಯೇ ಕೇಳಿ. ಮಲ ಸೋರಿದರೆ, ಕೆಳಗೇನೋ ಜಾರಿ ಬಂದಂತೆ ಅನ್ನಿಸಿದರೆ ಅಷ್ಟು ದಿನ ಕಾಯಬೇಡಿ.