ಸ್ಯಾನಿಟಿ ತೆಗೆದು ಋಣ ಇಟ್ಟೆ: ಮಲೆನಾಡಿನಲ್ಲಿ ಪಲ್ಪ್ ಸಾಹಸದ ಆಟ ನಡೆಸಿದ ನನ್ನ ಅನುಭವ

ನಮ್ಮ ಭಾಗದ ಭೂತ, ಚೌಡಿ, ನಾಗಬನಗಳನ್ನು ಪಲ್ಪ್ ಸಾಹಸದ, ಅಂದರೆ ಹಳೆಯ ಅಗ್ಗದ ಪತ್ರಿಕೆಗಳ ರೋಚಕ ಕಥೆಗಳ, ಓಟಕ್ಕೆ ಸೇರಿಸಿ ಕನ್ನಡದಲ್ಲೇ ರೋಲ್‌ಪ್ಲೇ ಆಟ (ಒಬ್ಬರು ಕಥೆ ನಡೆಸಿ ಉಳಿದವರು ಪಾತ್ರಗಳಾಗಿ ಆಡುವ ಆಟ) ನಡೆಸುತ್ತೇನೆಂದು ಹೇಳಿದಾಗ ಬೆಂಗಳೂರಿನ ಗೆಳೆಯರಲ್ಲಿ ಹೆಚ್ಚಿನವರು ಅದು ಆಗುವ ಕೆಲಸವಲ್ಲ ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಪಲ್ಪ್ ಕಥೆಯ ನಾಯಕ ಪಾಳುಗುಡಿಗೆ ನುಗ್ಗಿ ಮೂರ್ತಿಯನ್ನು ಕಂಕುಳಲ್ಲಿಟ್ಟುಕೊಂಡು ಓಡುವವನು; ಮಲೆನಾಡಿನ ಆಟಗಾರ ಬನದ ಅಂಚಿನಲ್ಲೇ ಚಪ್ಪಲಿ ಬಿಟ್ಟು ನಿಲ್ಲುವವನು. ಇವರಿಬ್ಬರೂ ಒಂದೇ ಮೇಜಿನಲ್ಲಿ ಕೂರಲಾರರು ಎಂಬುದು ಅವರ ತೀರ್ಮಾನವಾಗಿತ್ತು. ಹಿಂದಿನ ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಶುರುಮಾಡಿದ ಆ ಅಭಿಯಾನ, ಅಂದರೆ ಹಲವು ಕಂತುಗಳ ಆಟ, ಈ ಸಲದ ಅಡಿಕೆ ಕೊಯ್ಲಿಗೆ ಮೊದಲೇ ಪೂರ್ತಿಯಾಗಿ ಮುಗಿದಿದೆ, ಐವರು ಆಟಗಾರರಲ್ಲಿ ಒಬ್ಬರೂ ನಡುವೆ ಕೈಬಿಟ್ಟಿಲ್ಲ. ಆದ್ದರಿಂದ ನಾನು ಏನು ಮಾಡಿದೆ ಎಂಬುದನ್ನು, ಆಟ ನಡೆಸಿ ಅಭ್ಯಾಸವಿರುವವರಿಗಾಗಿ, ಬರೆದಿಡುತ್ತಿದ್ದೇನೆ.

ಅಡಿಪಾಯಕ್ಕೆ ಕಾಲ್ ಆಫ್ ಕತುಲು ಎಂಬ ಭಯಾನಕ ಕಥೆಗಳ ರೋಲ್‌ಪ್ಲೇ ಆಟದ ನಿಯಮಗಳನ್ನೂ, 2016ರಲ್ಲಿ ಬಂದ ಅದರ ಪಲ್ಪ್ ರೂಪವನ್ನೂ ತೆಗೆದುಕೊಂಡೆ. ಪಲ್ಪ್ ರೂಪದಲ್ಲಿ ಹಿಟ್ ಪಾಯಿಂಟ್ (ಪಾತ್ರ ಎಷ್ಟು ಪೆಟ್ಟು ತಾಳಬಲ್ಲದೆಂಬ ಅಂಕ) ಇಮ್ಮಡಿಯಾಗುತ್ತದೆ, ಲಕ್ ಎಂಬ ಅದೃಷ್ಟದ ಅಂಕ ಖರ್ಚು ಮಾಡಿ ಸೋತ ದಾಳವನ್ನು ಗೆಲ್ಲಿಸಿಕೊಳ್ಳಬಹುದು. ಸೇತುವೆ ಮುರಿಯುವಾಗ ಜಿಗಿಯುವ ಧೈರ್ಯ ಆಟಗಾರನಿಗೆ ಬರುವುದು ಇವೆರಡರಿಂದಲೇ. ಮೂಲ ಆಟ ಬಂದದ್ದು 1981ರಲ್ಲಿ. ಇಂಡಿಯಾನಾ ಜೋನ್ಸ್‌ನ ಮೊದಲ ಚಿತ್ರ ತೆರೆಗೆ ಬಂದದ್ದೂ ಅದೇ ವರ್ಷ, ಆ ಚಿತ್ರದ ಕಥೆ ನಡೆಯುವುದು 1936ರಲ್ಲಿ. ನಾನೂ 1936ನ್ನೇ ಇಟ್ಟುಕೊಂಡೆ, ಆದರೆ ಮೈಸೂರು ಸಂಸ್ಥಾನದ 1936: ಮಿರ್ಜಾ ಇಸ್ಮಾಯಿಲ್ ದಿವಾನರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆಗೆ ಇಳಿದು ಹದಿಮೂರು ವರ್ಷ, ಜೋಗದಲ್ಲಿ ವಿದ್ಯುತ್ತು ಇನ್ನೂ ಹುಟ್ಟಿಲ್ಲ, ಶರಾವತಿ ಕಣಿವೆಯ ಯಾವ ಊರೂ ಮುಳುಗಿಲ್ಲ. ಪಾತ್ರಗಳಲ್ಲಿ ಒಬ್ಬ ಕಾರ್ಖಾನೆಯ ಫೋರ್‌ಮನ್, ಒಬ್ಬ ಅಡಿಕೆ ಮಂಡಿಯ ಗುಮಾಸ್ತ, ಒಬ್ಬಳು ನಾಟಕ ಕಂಪನಿಯ ನಟಿ, ಒಬ್ಬ ನಾಟಿ ವೈದ್ಯ, ಇನ್ನೊಬ್ಬ ಪುರಾತತ್ವ ಇಲಾಖೆಗೆ ಶಾಸನಗಳ ಪಡಿಯಚ್ಚು ತೆಗೆಯುವವನು. ಹುಡುಕಬೇಕಾಗಿದ್ದದ್ದು 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಹಿಡಿದಾಗ ಅವನ ಕೈಗೆ ಸಿಗದೆ ಕವಲೇದುರ್ಗದ ಕೋಟೆಯ ಕಡೆಗೆ ಸಾಗಿತೆಂದು ನಾನು ಕಲ್ಪಿಸಿಕೊಂಡ ಒಂದು ಪೆಟ್ಟಿಗೆ.

ಮೊದಲ ರೂಪ ನಾಗಬನದ ಮುಂದೆ ಕೆಟ್ಟು ನಿಂತಿತು. ಪೆಟ್ಟಿಗೆಯ ಬೀಗದ ಕೈ ನಾಗರಕಲ್ಲಿನ ಕೆಳಗಿದೆ ಎಂಬುದು ಆಟಗಾರರಿಗೆ ತಿಳಿದಿತ್ತು, ಹಿಂದೆ ಖಳನ ಮೋಟಾರು ಗಾಡಿಯ ಸದ್ದು ಕೇಳುತ್ತಿತ್ತು, ಹಾಗಿದ್ದೂ ಕಲ್ಲನ್ನು ಸರಿಸಲು ಒಬ್ಬರೂ ಮುಂದಾಗಲಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ಚರ್ಚೆಯೇ ನಡೆಯಿತು. ಫೋರ್‌ಮನ್ ಪಾತ್ರ ಆಡುತ್ತಿದ್ದವರು ತೀರ್ಥಹಳ್ಳಿ ಕಡೆಯ ತೋಟದವರು. ಅವರು ದಾಳವನ್ನು ಕೆಳಗಿಟ್ಟು, ‘ಆಟ ಆಡಿ ಮನೆಗೆ ಹೋಗ್ಬೇಕಲ್ಲ ಮಾರಾಯ, ಇದನ್ನೆಲ್ಲ ಎತ್ತೋದು ನನ್ನಿಂದ ಆಗೋದಲ್ಲ’ ಎಂದರು. ಬನ ದಾಟಿದ ಮೇಲೂ ತೊಡಕು ತಪ್ಪಲಿಲ್ಲ. ಕೊಳ್ಳಿದೆವ್ವ ಕಂಡಾಗ ನಿಯಮದಂತೆ ಸ್ಯಾನಿಟಿ, ಅಂದರೆ ಪಾತ್ರದ ಮನಸ್ಸಿನ ಸ್ತಿಮಿತ, ಉಳಿಯಿತೇ ಎಂದು ದಾಳ ಹಾಕಿಸಿದರೆ ಮೇಜಿನ ಸುತ್ತ ಯಾರಿಗೂ ಅದು ಸರಿಯೆನಿಸುತ್ತಿರಲಿಲ್ಲ. ಚೌಡಿಯನ್ನು ಕಂಡವನಿಗೆ ಜ್ವರ ಬರಬಹುದು, ಅವನ ಮೈಮೇಲೆ ಬರಬಹುದು, ಹರಕೆ ಹೊತ್ತರೆ ಬಿಟ್ಟು ಹೋಗಬಹುದು. ಲೋಕಕ್ಕೆ ಅರ್ಥವೇ ಇಲ್ಲವೆಂದು ತಿಳಿದು ಅವನು ಹುಚ್ಚನಾಗುವುದಿಲ್ಲ. ಕತುಲು ಆಟದ ಭಯ ಹುಟ್ಟುವುದು ಮನುಷ್ಯನನ್ನು ಲೆಕ್ಕಕ್ಕೇ ಇಡದ ಶಕ್ತಿಗಳಿಂದ. ನಮ್ಮಲ್ಲಿಯ ಶಕ್ತಿಗಳೋ ಮನುಷ್ಯನ ಲೆಕ್ಕವನ್ನು ತಲೆಮಾರುಗಟ್ಟಲೆ ಇಟ್ಟುಕೊಂಡಿರುತ್ತವೆ.

ಪರಿಹಾರ ಹುಟ್ಟಿದ್ದು ಈ ಲೆಕ್ಕದಿಂದಲೇ. ಪಾತ್ರದ ವಿವರಗಳ ಶೀಟಿನಿಂದ ಸ್ಯಾನಿಟಿಯನ್ನು ಅಳಿಸಿ, ಆ ಜಾಗದಲ್ಲಿ ಋಣ ಎಂಬ ಆರು ಮನೆಗಳ ಪಟ್ಟಿಯನ್ನು ಇಟ್ಟೆ. ಒಂದು ಸ್ಥಳದ ಕಟ್ಟನ್ನು ಮುರಿದರೆ, ಅಂದರೆ ಬನದ ಮರ ಕಡಿದರೆ, ಕಲ್ಲು ಕದಲಿಸಿದರೆ, ಕೊಟ್ಟ ಮಾತಿಗೆ ತಪ್ಪಿದರೆ, ಒಂದು ಮನೆ ತುಂಬುತ್ತದೆ. ಮುಖ್ಯವಾದದ್ದು ಇದರ ಮುಂದಿನ ನಿಯಮ: ಆಟಗಾರ ತಾನಾಗಿಯೇ ಒಂದು ಮನೆ ತುಂಬಿಕೊಂಡು ಆ ಸ್ಥಳದ ಶಕ್ತಿಯ ನೆರವನ್ನು ಕೇಳಬಹುದು, ಕೇಳಿದರೆ ಆ ದಾಳ ಹಾಕದೆಯೇ ಗೆದ್ದಂತೆ. ತೀರಿಸುವುದಕ್ಕೆ ಕಥೆಯೊಳಗೆ ಹೋಗಿ ಸಲ್ಲಿಸಿ ಬರಬೇಕು. ಸಲ್ಲಿಸಲು ಹೋದಷ್ಟು ಹೊತ್ತು ಖಳನು ಒಂದು ಹೆಜ್ಜೆ ಮುಂದೆ ಸರಿಯುತ್ತಾನೆ. ಆರೂ ಮನೆ ತುಂಬಿದವನು ಸಾಯುವುದಿಲ್ಲ, ಆದರೆ ಮುಂದಿನ ಗಂಡಾಂತರದಲ್ಲಿ ಶಕ್ತಿ ಅವನ ಮೈಮೇಲೆ ಬಂದು ಒಂದಿಡೀ ದೃಶ್ಯವನ್ನು ನಾನು ಆಡುತ್ತೇನೆ. ಈ ಬದಲಾವಣೆಯ ನಂತರ ಅದೇ ನಾಗಬನದಲ್ಲಿ ಅದೇ ತೋಟದವರು, ‘ಎರಡು ಮನೆ ತುಂಬ್ಕೋ, ಕಲ್ಲು ಸರಿಸ್ತೇನೆ, ಗೆದ್ದು ಬಂದ ಮೇಲೆ ಪ್ರತಿಷ್ಠೆ ಮಾಡಿಸುವ ಹೊಣೆ ನಂದು’ ಎಂದು ಹೇಳಿ ಹತ್ತು ನಿಮಿಷದಲ್ಲಿ ಕಥೆಯನ್ನು ಮುಂದೆ ಓಡಿಸಿದರು. ಋಣ ತೀರಿಸಲು ಶಕ್ತಿ ಏನನ್ನು ಕೇಳುತ್ತದೆ ಎಂಬುದನ್ನು ನಾನು ಹೇಗೆ ಆರಿಸುತ್ತೇನೆಂದು ಹಲವರು ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಮೇಜಿನ ಬಿಗಿ ಇರುವುದೇ ಅದರಲ್ಲಿ.

ಆ ತೋಟದವರು ಹಾಕಿದ ಒಂದು ಷರತ್ತನ್ನು ಮಾತ್ರ ಎಲ್ಲರೂ ಪಾಲಿಸಬೇಕೆಂದು ಕೋರುತ್ತೇನೆ. ವರ್ಷಕ್ಕೊಮ್ಮೆ ಎಡೆ ಇಡುವ ಯಾವ ದೈವದ ಹೆಸರನ್ನೂ ಆಟಕ್ಕೆ ತರಬಾರದು, ಕಥೆಯ ಶಕ್ತಿಯನ್ನು ಹೊಸದಾಗಿ ಕಟ್ಟಬೇಕು. 1984ರಲ್ಲಿ ಬಂದ ಇಂಡಿಯಾನಾ ಜೋನ್ಸ್‌ನ ಎರಡನೇ ಚಿತ್ರದ ಕಥೆ ನಡೆಯುವುದು ಭಾರತದಲ್ಲಾದರೂ ನಮ್ಮ ಸರ್ಕಾರ ಆ ಚಿತ್ರಕಥೆಗೆ ಒಪ್ಪದಿದ್ದರಿಂದ ಹೊರಾಂಗಣ ಚಿತ್ರೀಕರಣ ಶ್ರೀಲಂಕಾದಲ್ಲಿ ನಡೆಯಿತು. ಕಾಳಿಯ ಆರಾಧನೆಯನ್ನು ಆ ಚಿತ್ರ ತೋರಿಸಿದ ಬಗೆ ನೋಡಿದವರಿಗೆ ಕಾರಣ ತಿಳಿಯುತ್ತದೆ. 2022ರಲ್ಲಿ ‘ಕಾಂತಾರ’ ಬಂದ ಮೇಲೆ ದೈವ, ಕಾಡು, ಹೊಡೆದಾಟಗಳು ಒಂದೇ ಕಥೆಯಲ್ಲಿ ಹೊಂದುತ್ತವೆಂದು ಸಂದೇಹಪಟ್ಟವರೂ ಒಪ್ಪಿಕೊಂಡರು. ಋಣದ ಪಟ್ಟಿಯ ಮೊದಲ ಕರಡು ನನ್ನ ಪುಸ್ತಕದಲ್ಲಿ ಅದಕ್ಕಿಂತ ಹಿಂದಿನದು ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆಟಗಾರರ ಕೈಗೆ ಕೊಡುವ ಕಾಗದಗಳಿಗೆ ನನಗೆ ಸಿಕ್ಕ ಅತ್ಯುತ್ತಮ ಆಕರವೆಂದರೆ ಶಾಸನಗಳ ಕೊನೆಯ ಶಾಪಾಶಯ, ಅಂದರೆ ದಾನಕ್ಕೆ ತಪ್ಪಿದವರನ್ನು ಶಪಿಸುವ ಸಾಲುಗಳು. ಶಾಸನಗಳ ಸಂಕಲನವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಏಳು ಮತ್ತು ಎಂಟನೆಯ ಸಂಪುಟಗಳು ಶಿವಮೊಗ್ಗ ಜಿಲ್ಲೆಯವೇ ಆಗಿವೆ. ದಾನಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಸಾಲುಗಳು ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅದೇ ಧಾಟಿಯಲ್ಲಿ ಹೊಸ ಶಾಪವನ್ನು ಬರೆದು, ಮಸಿ ತಿಕ್ಕಿದ ಪಡಿಯಚ್ಚಿನಂತೆ ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಮೂಡಿಸಿ, ಕೊನೆಯ ಎರಡು ಸಾಲನ್ನು ಒಡೆದ ಕಲ್ಲಿನಂತೆ ಬಿಟ್ಟುಬಿಟ್ಟೆ. ಯಾವ ತಪ್ಪಿಗೆ ಯಾವ ಋಣ ಎಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ, ಆಟಗಾರರು ಆ ಹಾಳೆಯನ್ನು ಓದಿಯೇ ಕಂಡುಕೊಂಡರು.

ಇದರ ನಡುವೆ ದಾಳದ ಬದಲು ಕವಡೆಯನ್ನೂ ಪ್ರಯೋಗಿಸಿ ನೋಡಿದೆ. ನಾಲ್ಕು ಕವಡೆ ಸಮನಾಗಿ ಬೀಳುತ್ತವೆಂದಿಟ್ಟುಕೊಂಡರೆ ಎರಡು ಬೀಳುವುದು ಹದಿನಾರರಲ್ಲಿ ಆರು ಸಲ. ನಾಲ್ಕರ ಚೌಕ ಒಂದು ಸಲ, ಎಂಟರ ಬಾರ ಒಂದು ಸಲ. ಚೌಕಾಬಾರದಲ್ಲಿ ಇವೆರಡಕ್ಕೂ ಮತ್ತೊಂದು ಎಸೆತ ಸಿಗುವುದರಿಂದ, ಸ್ಯಾವೇಜ್ ವರ್ಲ್ಡ್ಸ್ ಎಂಬ ಇನ್ನೊಂದು ರೋಲ್‌ಪ್ಲೇ ಆಟದಲ್ಲಿ ದಾಳ ತನ್ನ ದೊಡ್ಡ ಅಂಕಿಗೆ ಬಿದ್ದಾಗ ಮತ್ತೆ ಎಸೆದು ಕೂಡಿಸುವ ನಿಯಮವನ್ನು ಇದಕ್ಕೆ ಜೋಡಿಸಬಹುದೆಂದುಕೊಂಡೆ. ಮೇಜಿನ ಮೇಲೆ ಅದರ ಸದ್ದು, ಸಂಭ್ರಮ ಎರಡೂ ಸೊಗಸಾಗಿದ್ದವು. ಆದರೆ ನಿಜವಾದ ಕವಡೆ ಸಮನಾಗಿ ಬೀಳುವುದಿಲ್ಲ. ನನ್ನಲ್ಲಿದ್ದವು ನೂರಕ್ಕೆ ಸುಮಾರು ಅರುವತ್ತು ಸಲ ಒಂದೇ ಮಗ್ಗುಲಿಗೆ ಬೀಳುತ್ತಿದ್ದವು, ಬೇರೆ ಅಂಗಡಿಯಿಂದ ತಂದವು ಬೇರೆ ರೀತಿಯಲ್ಲಿ ಬೀಳುತ್ತಿದ್ದವು. ಹಾಗಾಗಿ ಬಂದೂಕು, ಓಟ, ಜಿಗಿತಗಳಿಗೆ ನೂರರ ಲೆಕ್ಕದ ಪರ್ಸೆಂಟೈಲ್ ದಾಳವನ್ನೇ ಉಳಿಸಿ, ಶಕ್ತಿ ಒಲಿಯಿತೋ ಮುನಿಯಿತೋ ಎಂಬ ಒಂದೇ ಪ್ರಶ್ನೆಗೆ ಕವಡೆಯನ್ನು ಮೀಸಲಿಟ್ಟೆ. ಅಲ್ಲಿ ಲೆಕ್ಕ ಸ್ವಲ್ಪ ವಾಲಿದರೂ ನಡೆಯುತ್ತದೆ.

ಹಣದ ವಿಷಯವನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಹೊರದೇಶದಿಂದ ತರಿಸಿದ ಪುಸ್ತಕಗಳಿಗೆ ಸುಂಕವೂ ಸೇರಿ ಸುಮಾರು ಏಳು ಸಾವಿರ, ದಾಳಗಳಿಗೆ ಎರಡೂವರೆ ಸಾವಿರ ಆಗಿರಬೇಕು. ದೊಡ್ಡ ಪೆಟ್ಟು ಬಿದ್ದದ್ದು ಆಟಕ್ಕೆ ಮುದ್ರಿಸಲು ಕೊಟ್ಟ ಕಾರ್ಡುಗಳಲ್ಲಿ. ಲ್ಯಾಮಿನೇಶನ್‌ಗೂ ಸೇರಿಸಿ ಹಣ ಪಡೆದ ಹೊರಊರಿನ ಒಂದು ಮುದ್ರಣಾಲಯ ಬರಿಯ ಕಾರ್ಡುಗಳನ್ನು ಕಳಿಸಿತು. ಜುಲೈ ತಿಂಗಳಿನ ಥಂಡಿಗೆ ಅವು ಹಪ್ಪಳದಂತೆ ಮುದುರಿ, ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು, ನಾಲ್ಕು ಸಾವಿರಕ್ಕೂ ಹೆಚ್ಚು ನೀರುಪಾಲಾಯಿತು. ಆಮೇಲೆ ಬಸ್ ಸ್ಟ್ಯಾಂಡಿನ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ನಾನೇ ಎದುರಿಗೆ ನಿಂತು ಲ್ಯಾಮಿನೇಶನ್ ಮಾಡಿಸಿದೆ. ಸಾವಿರದೊಳಗೆ ಮುಗಿಯಿತು, ಎರಡನೇ ಮಳೆಗಾಲವನ್ನೂ ಅವು ತಾಳಿಕೊಂಡಿವೆ. ಕೊಯ್ಲಿನ ದಿನಗಳಲ್ಲಿ ತೋಟದವರು ಸಿಗುವುದಿಲ್ಲವಾದ್ದರಿಂದ ಮಳೆಗಾಲವೇ ನಮ್ಮ ಆಟದ ಕಾಲ, ಇಲ್ಲಿ ಆಟ ನಡೆಸುವವರು ಥಂಡಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಖರ್ಚಾಯಿತು. ತಲೆಗೆ ನೂರರಂತೆ ಸೇರಿಸಿದ್ದು ಚಹಾ ಮತ್ತು ಮಂಡಕ್ಕಿಗೆ ಸರಿಹೋಗುತ್ತಿತ್ತು. ಸಾಗರದ ಕಡೆಯ ಒಂದು ಹೋಮ್‌ಸ್ಟೇಯವರು ವಾರಾಂತ್ಯದ ಅತಿಥಿಗಳಿಗೆ ಇದನ್ನೇ ನಡೆಸಿಕೊಡಲು ಕರೆದು ಒಳ್ಳೆಯ ಸಂಭಾವನೆ ಕೊಟ್ಟ ಮೇಲೆ ಮುಕ್ಕಾಲು ಪಾಲು ಹಣ ಹಿಂದಿರುಗಿದೆ.

ಸಿನಿಮಾದಿಂದ ಕಲಿಯಲು ಮಾಡಿದ ಪ್ರಯತ್ನಗಳಲ್ಲಿ ಒಂದು ಸೋತಿತು, ಒಂದು ಗೆದ್ದಿತು. ಸೆಷನ್‌ಗೆ ಮೊದಲು ಹಳೆಯ ಸಾಹಸ ಚಿತ್ರಗಳ ತುಣುಕು ತೋರಿಸಿದರೆ ಆಟಗಾರರು ಆ ನಾಯಕರನ್ನೇ ಅನುಕರಿಸಿ ಆಡತೊಡಗಿದರು, ಆದ್ದರಿಂದ ಅದನ್ನು ನಿಲ್ಲಿಸಿದೆ. 1930ರ ದಶಕದ ಕಂತು ಚಿತ್ರಗಳ ಕ್ರಮ ಮಾತ್ರ ನೇರವಾಗಿ ಹೊಂದಿತು: ನಾಯಕ ಪ್ರಪಾತದ ಅಂಚಿನಲ್ಲಿ ತೂಗುತ್ತಿರುವಾಗ ಕಂತು ಮುಗಿಯಬೇಕು, ದಾಳವನ್ನು ಮುಂದಿನ ವಾರವೇ ಹಾಕಬೇಕು. ಖಳನ ಪ್ರವೇಶಕ್ಕೆ ಯಕ್ಷಗಾನದ ಒಡ್ಡೋಲಗದ ಕ್ರಮವನ್ನು ತಂದೆ. ಮೊದಲು ಅವನ ಬಂಟರು, ಬಳಿಕ ಅವನ ಸದ್ದು, ಎಲ್ಲಕ್ಕೂ ಕೊನೆಗೆ ಅವನ ಮುಖ. ಇದರಿಂದ ಹುಟ್ಟುವ ಕಾತರ ಯಾವ ಹಿನ್ನೆಲೆ ಸಂಗೀತದಿಂದಲೂ ನನಗೆ ದೊರೆತಿರಲಿಲ್ಲ.

ಕೊನೆಯ ಕಂತಿನಲ್ಲಿ ಕವಲೇದುರ್ಗದ ಬಾಗಿಲಲ್ಲಿ ನಟಿಯ ಆರೂ ಮನೆ ತುಂಬಿದವು. ಅವಳ ಬಾಯಿಂದ ಶಕ್ತಿ ಮಾತಾಡಿ ಖಳನ ವಂಶದ ಹಳೆಯ ಬಾಕಿಯನ್ನು ಎತ್ತಿ ಹೇಳಿದಾಗ, ಅವನ ಬಂಟರೇ ಬಂದೂಕು ಕೆಳಗಿಟ್ಟು ಹಿಂದೆ ಸರಿದರು. ಪೆಟ್ಟಿಗೆ ಸಿಕ್ಕಿತು, ಆದರೆ ಆಟಗಾರರು ಅದರಲ್ಲಿದ್ದುದರ ಅರ್ಧವನ್ನು ಬನಕ್ಕೆ ಹಿಂದಿರುಗಿಸಲು ತಾವಾಗಿಯೇ ನಿರ್ಧರಿಸಿದರು. ನಿಯಮದಂತೆ ಅಷ್ಟು ಕೊಡಬೇಕಾಗಿರಲಿಲ್ಲ. ಮುಂದಿನ ಅಭಿಯಾನಕ್ಕೆ ಹಿರೇಭಾಸ್ಕರ ಅಣೆಕಟ್ಟನ್ನು ಆರಿಸಿದ್ದೇನೆ. ಲಿಂಗನಮಕ್ಕಿ ತುಂಬಿದ ಮೇಲೆ ಮುಳುಗಿದ ಆ ಅಣೆಕಟ್ಟು ನೀರು ತೀರ ಇಳಿದ ಬೇಸಿಗೆಯಲ್ಲಿ ಮಾತ್ರ ಮೇಲೆ ಕಾಣುತ್ತದೆ. ಮುಳುಗಿದ ಊರಿನ ಶಕ್ತಿಗೆ ಯಾರು ಬಾಕಿದಾರರು ಎಂಬ ಪ್ರಶ್ನೆಗೆ ಋಣದ ಆರು ಮನೆ ಸಾಲುವುದಿಲ್ಲವಾದ್ದರಿಂದ, ಇಡೀ ತಂಡಕ್ಕೆ ಒಂದೇ ಪಟ್ಟಿ ಇಟ್ಟು ಹತ್ತು ಮನೆ ಮಾಡಿ ನೋಡುತ್ತಿದ್ದೇನೆ.